ಯುದ್ಧ ಮುಗಿದ ದೇಶದಲ್ಲಿ ಕಾಡಿನ ಕೆಲಸ: ಲೈಬೀರಿಯಾಗೆ ಹೊರಟವರಿಗೆ ಒಂದು ಕೈಪಿಡಿ

ಸಿರ್ಸಿಯಲ್ಲೋ ಪೊನ್ನಂಪೇಟೆಯಲ್ಲೋ ಅರಣ್ಯಶಾಸ್ತ್ರ ಓದಿದವರು ಆಗಾಗ ಫೋನ್ ಮಾಡುತ್ತಾರೆ. "ಸಾರ್, ಆಫ್ರಿಕಾದಲ್ಲಿ ಪರಿಸರ ಪ್ರಾಜೆಕ್ಟ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ಹೋಗ್ಲಾ?" ಹೋಗಿ ಎಂದೇ ಹೇಳುತ್ತೇನೆ. ಆದರೆ ಆ ದೇಶದಲ್ಲಿ ಯುದ್ಧ ನಡೆದು ಹೆಚ್ಚು ಕಾಲವಾಗಿರದಿದ್ದರೆ ಹೊರಡುವ ಮುಂಚೆ ಒಂದಿಷ್ಟು ಮಾತು ಆಡಬೇಕಾಗುತ್ತದೆ. ಪ್ರತಿ ಸಲ ಫೋನಿನಲ್ಲಿ ಅದನ್ನೇ ಹೇಳಿ ಸಾಕಾಗಿ, ಈ ಸಲ ಬರೆದೇ ಬಿಡೋಣ ಅನ್ನಿಸಿತು.

ಉದಾಹರಣೆಗೆ ಲೈಬೀರಿಯಾವನ್ನೇ ತೆಗೆದುಕೊಳ್ಳುತ್ತೇನೆ. ನಾನು ಬಲ್ಲ ದೇಶ ಅದು. ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಜನ ಅರ್ಧ ಕೋಟಿಯ ಆಸುಪಾಸು. ಪಶ್ಚಿಮ ಆಫ್ರಿಕಾದ ಆ ಭಾಗದಲ್ಲಿ ಉಳಿದಿರುವ ಮಳೆಕಾಡಿನ ದೊಡ್ಡ ಪಾಲು ಇಲ್ಲೇ ಇದೆ. 1989ರಿಂದ 2003ರವರೆಗೆ, ನಡುವೆ ಸ್ವಲ್ಪ ಬಿಡುವು ಬಿಟ್ಟು, ಎರಡು ಒಳಯುದ್ಧ ಕಂಡ ದೇಶ.

ಮೊದಲ ಹೆಜ್ಜೆ: ಯುದ್ಧದ ಖರ್ಚು ಯಾರು ಕೊಟ್ಟರು ಅಂತ ಕೇಳಿ

ಬಂದೂಕಿಗೆ ದುಡ್ಡು ಬೇಕು. ಲೈಬೀರಿಯಾದಲ್ಲಿ ಆ ದುಡ್ಡು ವಜ್ರದಿಂದ ಬಂತು, ರಬ್ಬರಿನಿಂದ ಬಂತು, ಕೊನೆಕೊನೆಗೆ ಮುಖ್ಯವಾಗಿ ನಾಟಾದಿಂದ ಬಂತು. ಚಾರ್ಲ್ಸ್ ಟೇಲರ್ ಅಧ್ಯಕ್ಷನಾಗಿದ್ದಾಗ ದಿಮ್ಮಿ ತುಂಬಿದ ಹಡಗುಗಳು ಬುಕಾನನ್, ಗ್ರೀನ್‌ವಿಲ್ ಬಂದರುಗಳಿಂದ ಹೊರಡುತ್ತಿದ್ದವು. ನಾಟಾ ಕಂಪನಿಗಳು ಮರ ಸಾಗಿಸಲು ರಸ್ತೆ ಮಾಡಿಸಿದವು, ತಮ್ಮದೇ ಬಂದೂಕಿನ ಕಾವಲು ಇಟ್ಟುಕೊಂಡವು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2003ರ ಮೇ ತಿಂಗಳಲ್ಲಿ ಲೈಬೀರಿಯಾದ ನಾಟಾ ಕೊಳ್ಳಬಾರದು ಎಂದು ನಿರ್ಣಯ ಮಾಡಿತು. ಜುಲೈನಲ್ಲಿ ಅದು ಜಾರಿಗೆ ಬಂತು. ಆಗಸ್ಟ್‌ನಲ್ಲಿ ಟೇಲರ್ ದೇಶ ಬಿಟ್ಟ, ಅದೇ ತಿಂಗಳು ಅಕ್ರಾದಲ್ಲಿ ಶಾಂತಿ ಒಪ್ಪಂದವಾಯಿತು. ನಾಟಾ ನಿಂತದ್ದರಿಂದಲೇ ಯುದ್ಧ ನಿಂತಿತು ಅಂತ ಹೇಳುವುದಿಲ್ಲ, ಬೇರೆ ಕಾರಣಗಳೂ ಇದ್ದವು. ಆದರೆ ಆ ತಿಂಗಳುಗಳನ್ನು ಸಾಲಾಗಿ ಇಟ್ಟು ನೋಡಿ.

ಹೊರಡುವ ಮುಂಚೆ ಒಂದು ಹಾಳೆ ತೆಗೆದುಕೊಂಡು ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಸಂಪತ್ತು: ನಾಟಾ, ಚಿನ್ನ, ವಜ್ರ, ರಬ್ಬರ್, ಇದ್ದಿಲು, ಕಾಡುಮಾಂಸ. ಎರಡನೆಯದರಲ್ಲಿ, ಯುದ್ಧದ ಕಾಲದಲ್ಲಿ ಅದು ಯಾರ ಕೈಯಲ್ಲಿತ್ತು. ಮೂರನೆಯದರಲ್ಲಿ, ಈಗ ಯಾರ ಕೈಯಲ್ಲಿದೆ. ನಾಲ್ಕನೆಯದರಲ್ಲಿ, ನಿಮ್ಮ ಪ್ರಾಜೆಕ್ಟ್ ಬಂದರೆ ಯಾರ ಜೇಬಿಗೆ ಕೈ ಹಾಕಿದಂತಾಗುತ್ತದೆ. ಈ ನಾಲ್ಕನೇ ಕಾಲಂ ತುಂಬದೆ ವಿಮಾನ ಹತ್ತಬೇಡಿ. ದುಡ್ಡು ಕೊಡುವ ಡೋನರ್‌ಗೆ ಸಲ್ಲಿಸುವ ಲಾಗ್‌ಫ್ರೇಮಿನಲ್ಲಿ, ಅಂದರೆ ಪ್ರಾಜೆಕ್ಟಿನ ಗುರಿ, ಕೆಲಸ, ಫಲ ಬರೆಯುವ ಪಟ್ಟಿಯಲ್ಲಿ, ಇದಕ್ಕೆ ಜಾಗವೇ ಇರುವುದಿಲ್ಲ. ಹಾಗಾಗಿ ಸ್ವಂತ ಡೈರಿಯಲ್ಲೇ ಇರಲಿ.

ಇದು ಲೈಬೀರಿಯಾದ ಒಂದೇ ಕಥೆ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2009ರ ವರದಿ ಅದಕ್ಕೆ ಹಿಂದಿನ 60 ವರ್ಷಗಳ ಒಳಯುದ್ಧಗಳನ್ನು ನೋಡಿ, ಕನಿಷ್ಠ 40% ಯುದ್ಧಗಳಿಗೆ ನೆಲ, ನೀರು, ಗಣಿ, ಕಾಡಿನ ನಂಟು ಇದೆ ಎಂದಿತು. ಅಂಥ ಯುದ್ಧಗಳು ನಿಂತ ಐದು ವರ್ಷದೊಳಗೆ ಮತ್ತೆ ಹೊತ್ತಿಕೊಳ್ಳುವ ಸಾಧ್ಯತೆ ಎರಡು ಪಟ್ಟು ಜಾಸ್ತಿ ಎಂದೂ ಹೇಳಿತು. ನೀವು ಗಿಡ ನೆಡಲು ಹೋಗುವುದು ಇಂಥ ನೆಲಕ್ಕೆ.

ಎರಡನೇ ಹೆಜ್ಜೆ: ನಿಮ್ಮ ಕುರ್ಚಿ ಎಲ್ಲಿ ಹಾಕಿಸಿಕೊಳ್ಳುತ್ತೀರಿ?

ಲೈಬೀರಿಯಾದಲ್ಲಿ ಕಾಡಿಗೆ ಅರಣ್ಯ ಅಭಿವೃದ್ಧಿ ಪ್ರಾಧಿಕಾರವಿದೆ, 1976ರಿಂದ. ಎಲ್ಲರೂ ಎಫ್‌ಡಿಎ ಎನ್ನುತ್ತಾರೆ. ಪರಿಸರಕ್ಕೆ ಇಪಿಎ ಎಂಬ ಪರಿಸರ ಸಂರಕ್ಷಣಾ ಸಂಸ್ಥೆ, ಯುದ್ಧ ಮುಗಿಯುವ ಹೊತ್ತಿಗೆ ಕಾನೂನಾಗಿ ಹುಟ್ಟಿದ್ದು. ಜಿಲ್ಲೆಯಂಥ ಹದಿನೈದು ಕೌಂಟಿಗಳು, ಒಂದೊಂದಕ್ಕೂ ಒಬ್ಬ ಸೂಪರಿಂಟೆಂಡೆಂಟ್. ಯುದ್ಧದ ನಂತರದ ವರ್ಷಗಳಲ್ಲಿ ಈ ಕಚೇರಿಗಳಲ್ಲಿ ಕರೆಂಟ್ ಇರಲಿಲ್ಲ, ಕಡತ ಇರಲಿಲ್ಲ, ಸಂಬಳ ತಿಂಗಳುಗಟ್ಟಲೆ ತಡ. ಇದನ್ನೆಲ್ಲ ನೋಡಿದ ಹೊರಗಿನ ಸಂಸ್ಥೆಗಳು ಏನು ಮಾಡುತ್ತವೆ ಗೊತ್ತಾ? ಊರಿನ ಇನ್ನೊಂದು ತುದಿಯಲ್ಲಿ ದೊಡ್ಡ ಕಾಂಪೌಂಡ್ ಬಾಡಿಗೆಗೆ ಹಿಡಿದು, ಜನರೇಟರ್ ಹಾಕಿಸಿ, ಎಸಿ ಕೂರಿಸಿ, ಎಫ್‌ಡಿಎಯಲ್ಲಿರುವ ನಾಲ್ಕು ಒಳ್ಳೆಯ ಕೆಲಸಗಾರರನ್ನು ಡಾಲರ್ ಸಂಬಳ ತೋರಿಸಿ ಕರೆತರುತ್ತವೆ. ಆಮೇಲೆ ವರದಿಯಲ್ಲಿ "ಸರ್ಕಾರಕ್ಕೆ ಸಾಮರ್ಥ್ಯವಿಲ್ಲ" ಎಂದು ಬರೆಯುತ್ತವೆ. ನಗು ಬರುತ್ತದೆ, ಅಲ್ವಾ?

ಆದಷ್ಟು ಸರ್ಕಾರಿ ಕಟ್ಟಡದಲ್ಲೇ ಒಂದು ಕೋಣೆ ಕೇಳಿ. ಜನರೇಟರ್ ಅಲ್ಲಿಗೇ ತನ್ನಿ, ಇಡೀ ಕಟ್ಟಡಕ್ಕೆ ಲೈನ್ ಕೊಡಿ. ಅಲ್ಲಿಯ ಇಂಜಿನಿಯರ್, ರೇಂಜರ್‌ಗಳನ್ನು ಕಿತ್ತುಕೊಳ್ಳದೆ, ಅವರದೇ ಹುದ್ದೆಯಲ್ಲಿಟ್ಟು ತರಬೇತಿ ಕೊಡಿ. ಕೆಲಸ ನಿಧಾನವಾಗುತ್ತದೆ. ಮೊದಲ ವರ್ಷದ ವರದಿ ತೆಳ್ಳಗೆ ಕಾಣುತ್ತದೆ. ಡೋನರ್ ಮುಖ ಸಿಂಡರಿಸಿದರೂ ತಡೆದುಕೊಳ್ಳಿ.

ಮೂರನೇ ಹೆಜ್ಜೆ: ನೆಲ ಯಾರದು?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಇದೊಂದು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಉಪಯೋಗವಿಲ್ಲ.

2006ರ ಜನವರಿಯಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಅಧ್ಯಕ್ಷರಾದರು. ಅವರ ಮೊಟ್ಟಮೊದಲ ಕಾರ್ಯಾದೇಶವೇ ಹಳೆಯ ನಾಟಾ ಗುತ್ತಿಗೆಗಳನ್ನೆಲ್ಲ ರದ್ದು ಮಾಡಿದ್ದು. ಅದಕ್ಕೆ ಮುಂಚೆ ಗುತ್ತಿಗೆಗಳನ್ನು ಪರಿಶೀಲಿಸಿದ ಸಮಿತಿಗೆ ಕಂಡದ್ದು ವಿಚಿತ್ರ. ಕಂಪನಿಗಳು ನಮ್ಮದು ಎನ್ನುತ್ತಿದ್ದ ಕಾಡನ್ನೆಲ್ಲ ಕೂಡಿದರೆ, ದೇಶದಲ್ಲಿರುವ ಕಾಡಿನ ಎರಡು ಪಟ್ಟಿಗೂ ಮೀರಿತ್ತು. ಕಾನೂನಿನ ಪರೀಕ್ಷೆಯಲ್ಲಿ ಒಂದು ಕಂಪನಿಯೂ ಪಾಸಾಗಲಿಲ್ಲ. ಒಂದೇ ಹೊಲವನ್ನು ಇಬ್ಬರಿಗೆ ಕ್ರಯ ಮಾಡಿಕೊಟ್ಟ ಕಥೆ ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೂ ಕೇಳುತ್ತೇವೆ. ಇಲ್ಲಿ ಇಡೀ ದೇಶಕ್ಕೇ ಹಾಗಾಗಿತ್ತು. ಅದೇ ವರ್ಷ ಹೊಸ ಅರಣ್ಯ ಕಾನೂನು ಬಂತು, ವಿಶ್ವಸಂಸ್ಥೆ ನಾಟಾ ನಿಷೇಧ ತೆಗೆಯಿತು. 2009ರಲ್ಲಿ ಸಮುದಾಯಗಳಿಗೆ ಕಾಡಿನ ಮೇಲೆ ಹಕ್ಕು ಕೊಡುವ ಕಾನೂನೂ ಬಂತು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿತ್ತು.

ಅಷ್ಟರಲ್ಲಿ ನಾಟಾ ಕಂಪನಿಗಳವರು ಒಂದು ಕಿಂಡಿ ಕಂಡುಹಿಡಿದರು. ಖಾಸಗಿ ನೆಲದ ಮಾಲೀಕರಿಗೆ ತಮ್ಮ ಮರ ಕಡಿಯಲು ಕೊಡುವ ಒಂದು ಪರವಾನಗಿ ಇತ್ತು. ಹೆಸರು ಪ್ರೈವೇಟ್ ಯೂಸ್ ಪರ್ಮಿಟ್. ಸಣ್ಣ ಹಿಡುವಳಿಗೆಂದು ಇದ್ದ ಈ ಚೀಟಿಯನ್ನು ಸಮುದಾಯದ ನೆಲದ ಹೆಸರಿನಲ್ಲಿ ಬರೆಸಿಕೊಂಡರು. ಎಷ್ಟೋ ಕಡೆ ಪತ್ರಗಳೇ ಖೋಟಾ. ಹಳ್ಳಿಯವರಿಗೆ ತಮ್ಮ ಹೆಸರಿನಲ್ಲಿ ಪರವಾನಗಿ ಆಗಿದೆ ಎಂಬುದೂ ಗೊತ್ತಿರಲಿಲ್ಲ. 2012ರ ಹೊತ್ತಿಗೆ ದೇಶದ ನೆಲದ ಸುಮಾರು ಕಾಲು ಭಾಗ ಈ ಚೀಟಿಗಳ ಅಡಿ ಹೋಗಿತ್ತು! ಊರಿನ ಸಂಘಟನೆಗಳು ಗಲಾಟೆ ಮಾಡಿದವು. ಸ್ವತಂತ್ರ ತನಿಖೆಯಾಯಿತು. ಎಫ್‌ಡಿಎಯ ಮುಖ್ಯಸ್ಥರು ಕುರ್ಚಿ ಕಳೆದುಕೊಂಡರು. ಅಂತರರಾಷ್ಟ್ರೀಯ ಸಲಹೆಗಾರರು ಆ ದೇಶದ ತುಂಬ ಇದ್ದ ಕಾಲದಲ್ಲಿ, ಅವರೇ ಸೇರಿ ಬರೆದ ಕಾನೂನಿನ ಕಣ್ಣೆದುರಿಗೇ ಇದು ನಡೆದದ್ದು.

ತೋಟದ ಕಥೆಯೂ ಹಾಗೇ. 2009ರಲ್ಲಿ ಸರ್ಕಾರ ಸೈಮ್ ಡಾರ್ಬಿ ಎಂಬ ಮಲೇಷ್ಯಾದ ಕಂಪನಿಗೆ ತಾಳೆ ಎಣ್ಣೆ ತೋಟಕ್ಕೆಂದು 2,20,000 ಹೆಕ್ಟೇರ್ ನೆಲವನ್ನು 63 ವರ್ಷಕ್ಕೆ ಬರೆದುಕೊಟ್ಟಿತು. ಒಪ್ಪಂದ ಓದಿದರೆ ಆ ನೆಲದಲ್ಲಿ ಮನುಷ್ಯರೇ ಇಲ್ಲವೇನೋ ಅನ್ನಿಸಬೇಕು. ಇದ್ದರು. ಗದ್ದೆ ಇತ್ತು, ಸಮಾಧಿ ಇತ್ತು, ದೇವರ ಜಾಗ ಇತ್ತು. ಜನ ದೂರು ಕೊಟ್ಟರು, ಕೆಲಸ ಕುಂಟಿತು, ಕೊನೆಗೆ ಕಂಪನಿಯೇ ಬಿಟ್ಟು ಹೋಯಿತು. ತೀರಾ ಇತ್ತೀಚೆಗೆ, 2023ರಲ್ಲಿ, ದುಬೈನ ಒಂದು ಕಂಪನಿ ಕಾಡು ಹಿಡಿದಿಟ್ಟ ಇಂಗಾಲವನ್ನು ಕಾರ್ಬನ್ ಕ್ರೆಡಿಟ್ ಎಂದು ಮಾರಲು ಸುಮಾರು 10 ಲಕ್ಷ ಹೆಕ್ಟೇರ್ ಕಾಡು ಹಿಡಿಯುವ ಮಾತುಕತೆ ನಡೆಸಿದಾಗ ಮತ್ತೆ ಅದೇ ಪ್ರಶ್ನೆ ಎದ್ದಿತು. ಊರವರನ್ನು ಕೇಳಿದಿರಾ? ಮರ ಕಡಿಯಲು ಬಂದವನಿಗೂ ಮರ ಉಳಿಸಲು ಬಂದವನಿಗೂ ಹಳ್ಳಿಯವರು ಕೇಳುವುದು ಅದೊಂದನ್ನೇ.

ಹಾಗಾದರೆ ನೀವು ಮಾಡಬೇಕಾದದ್ದೇನು? 2018ರ ಭೂಹಕ್ಕು ಕಾನೂನು ಒಂದು ದಾರಿ ಹಾಕಿಕೊಟ್ಟಿದೆ. ಪರಂಪರೆಯಿಂದ ಬಂದ ನೆಲ ಪತ್ರ ಇರಲಿ ಬಿಡಲಿ ಸಮುದಾಯದ್ದೇ ಎಂದು ಅದು ಒಪ್ಪುತ್ತದೆ. ಮೊದಲು ಊರವರು ನಾವು ಇಂಥ ಸಮುದಾಯ ಎಂದು ಗುರುತಿಸಿಕೊಳ್ಳಬೇಕು. ಆಮೇಲೆ ತಮ್ಮದೇ ನಿಯಮ ಬರೆದುಕೊಳ್ಳಬೇಕು. ನೆಲ ನೋಡಿಕೊಳ್ಳುವ ಸಮಿತಿ ಆರಿಸಬೇಕು, ಹೆಂಗಸರೂ ಯುವಕರೂ ಅದರಲ್ಲಿರಬೇಕು. ಪಕ್ಕದ ಊರಿನ ಜೊತೆ ಗಡಿ ಒಪ್ಪಿಕೊಳ್ಳಬೇಕು. ಸರ್ವೆ ಆಗಬೇಕು. ಕೊನೆಗೆ ಪತ್ರ. ಓದಲು ಆರು ವಾಕ್ಯ, ಮಾಡಲು ವರ್ಷಗಳು. ಗಡಿ ಒಪ್ಪಿಸುವ ಹಂತದಲ್ಲೇ ಜಾಸ್ತಿ ಕೆಲಸ ನಿಲ್ಲುವುದು. ಯುದ್ಧದಲ್ಲಿ ಓಡಿಹೋದವರು ವಾಪಸ್ ಬಂದಿರುತ್ತಾರೆ, ಅವರ ಹೊಲದಲ್ಲಿ ಬೇರೆಯವರು ಕೂತಿರುತ್ತಾರೆ. ಈ ಹಳ್ಳ ನಮ್ಮದು, ಆ ಹತ್ತಿಮರ ನಿಮ್ಮದು ಎಂದು ಹೇಳಬಲ್ಲ ಮುದುಕರು ಎಷ್ಟೋ ಜನ ಸತ್ತಿರುತ್ತಾರೆ.

ನನ್ನ ಸಲಹೆ ಸರಳ. ನಿಮ್ಮ ಪ್ರಾಜೆಕ್ಟ್ ಸಂರಕ್ಷಣೆಯದೇ ಇರಲಿ, ಇಂಗಾಲದ್ದೇ ಇರಲಿ, ಬಜೆಟ್ಟಿನಲ್ಲಿ ಗಡಿ ಮಾತುಕತೆಗೆಂದು ಒಂದು ಸಾಲು ಇಡಿ. ಕುರಿ ಕಡಿದು ಎರಡು ಊರು ಒಟ್ಟಿಗೆ ಉಣ್ಣುವ ಖರ್ಚು ಕೂಡ ಅದರಲ್ಲಿ ಸೇರಲಿ. ಜಿಪಿಎಸ್ ಹಿಡಿದು ನಡೆಯುವುದು ಆ ಊಟದ ಮರುದಿನ, ಹಿಂದಿನ ದಿನ ಅಲ್ಲ. ಮತ್ತೆ ಅಲ್ಲಿಯತನಕ ನಕ್ಷೆ ಅಂತ ಏನನ್ನೂ ಪ್ರಿಂಟ್ ಹಾಕಿಸಬೇಡಿ. ಪ್ರಿಂಟಾದ ಗೆರೆಯನ್ನು ಅಳಿಸುವುದು ಬಲು ಕಷ್ಟ.

ನಾಲ್ಕನೇ ಹೆಜ್ಜೆ: ಊರಿಗೆ ಹೋಗುವ ರೀತಿ

ಸೀದಾ ಗಾಡಿ ನಿಲ್ಲಿಸಿ ಮೀಟಿಂಗ್ ಶುರು ಮಾಡುವ ಹಾಗಿಲ್ಲ. ಪ್ಯಾರಮೌಂಟ್ ಚೀಫ್, ಕ್ಲಾನ್ ಚೀಫ್, ಟೌನ್ ಚೀಫ್ ಎಂದು ಮೂರು ಮೆಟ್ಟಿಲಿದೆ. ಮುಂಚೆ ಸುದ್ದಿ ಕಳಿಸಬೇಕು. ಹಿಂದಿನ ಸಂಜೆ ಟೌನ್ ಕ್ರೈಯರ್ ಊರೆಲ್ಲ ಕೂಗಿ ಹೇಳುತ್ತಾನೆ, ನಮ್ಮಲ್ಲಿ ಡಂಗುರ ಸಾರುತ್ತಿದ್ದ ಹಾಗೆ. ಹೋದಾಗ ಕೋಲಾ ಕಾಯಿ ಮುಂದಿಡುತ್ತಾರೆ. ಎಲೆ ಅಡಕೆ ಕೊಟ್ಟು ಮಾತು ಶುರು ಮಾಡುವ ಮಲೆನಾಡಿನವರಿಗೆ ಇದು ಹೊಸದೇನಲ್ಲ. ಕಹಿ ಅಂತ ಮುಖ ಕಿವುಚಬೇಡಿ, ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಕೈ ಕುಲುಕಿದ ಮೇಲೆ ಬೆರಳಿಗೆ ಬೆರಳು ತಾಗಿಸಿ ಚಿಟಿಕೆ ಹೊಡೆಯುತ್ತಾರೆ. ಅದನ್ನು ಕಲಿಯಲು ಎರಡು ದಿನ ಬೇಕು, ಕಲಿತರೆ ಬಾಗಿಲು ತೆರೆಯುತ್ತದೆ.

ಮಾತು ಲೈಬೀರಿಯಾದ ಇಂಗ್ಲಿಷ್. ಪದಗಳ ಕೊನೆಯ ಅಕ್ಷರ ನುಂಗಿಬಿಡುತ್ತಾರೆ. ನಿಧಾನಕ್ಕೆ ಅಥವಾ ಸ್ವಲ್ಪ ಸ್ವಲ್ಪ ಎನ್ನಲು "ಸ್ಮಾಲ್ ಸ್ಮಾಲ್". ಎದ್ದು ಹೊರಡುವಾಗ "ಐ ಕಮಿಂಗ್" ಎನ್ನುತ್ತಾರೆ. ಹೋಗ್ತಾ ಇದ್ದಾರೆ, ಬರ್ತೀನಿ ಅಂತಾರೆ! ನನ್ನ ಜೊತೆಗಿದ್ದ ಯುರೋಪಿನ ಸಹೋದ್ಯೋಗಿ ತಲೆ ಕೆರೆದುಕೊಳ್ಳುತ್ತಿದ್ದ. ನನಗೆ ಮನೆಯ ಜಗಲಿ ನೆನಪಾಯಿತು. ಹಿರಿಯ ಹೆಂಗಸರನ್ನು "ಓಲ್ ಮಾ", ಗಂಡಸರನ್ನು "ಓಲ್ ಪಾ" ಎನ್ನಿ. ಬರೀ ಹೆಸರು ಹಿಡಿದು ಕರೆದರೆ ಒರಟಾಗುತ್ತದೆ.

ಊರಾಚೆ ಕಾಡಿನ ಕೆಲವು ತುಂಡುಗಳಿಗೆ ಹೊರಗಿನವರು ಹೋಗಬಾರದು. ಪೋರೊ ಎಂಬುದು ಗಂಡಸರ ಗುಪ್ತ ಕೂಟ, ಸಾಂಡೆ ಹೆಂಗಸರದು. ಅವುಗಳ ಆಚರಣೆ ನಡೆಯುವ ಕಾಡು ಅದು. ಕೊಡಗಿನ ದೇವರಕಾಡು ಕಂಡವರಿಗೆ ಇದರ ಅರ್ಥ ತಟ್ಟನೆ ಆಗುತ್ತದೆ. ಸಸ್ಯಗಳ ಪಟ್ಟಿ ಮಾಡಬೇಕೆಂಬ ಆಸೆಗೆ ಒಳಗೆ ಕಾಲಿಡಬೇಡಿ. ಗಡಿ ಎಲ್ಲಿ ಅಂತ ಕೇಳಿ, ಅಲ್ಲಿಂದಲೇ ತಿರುಗಿ. ಅದರ ಫೋಟೋ, ಜಿಪಿಎಸ್ ಬಿಂದು ವರದಿಗೆ ಹಾಕಬೇಡಿ.

ಇನ್ನೊಂದು ಎಡವಟ್ಟು. ಪಲಾವರ್ ಹಟ್ ಎಂಬ ಗೋಡೆಯಿಲ್ಲದ ಚಾವಡಿಯಲ್ಲಿ ಸಭೆ ಸೇರುತ್ತದೆ. ಹಿರಿಯರು ಮಾತಾಡುತ್ತಾರೆ, ಎಲ್ಲರೂ ಹೂಂ ಎನ್ನುತ್ತಾರೆ. ಒಪ್ಪಿದರು ಅಂತ ಬರೆದುಕೊಂಡು ಬರಬೇಡಿ. ಹೆಂಗಸರ ಜೊತೆ ಬೇರೆ ಕೂರಿ, ಹುಡುಗರ ಜೊತೆ ಬೇರೆ. ಯುದ್ಧದಲ್ಲಿ ಬಂದೂಕು ಹಿಡಿದದ್ದು ಹುಡುಗರು. ಹಿರಿಯರು ನಮಗೆ ನೆಲ ಕೊಡಲಿಲ್ಲ, ದಂಡ ಹಾಕಿ ದುಡಿಸಿಕೊಂಡರು ಎಂಬ ಸಿಟ್ಟು ಆಗ ಎಷ್ಟೋ ಹುಡುಗರಲ್ಲಿತ್ತು. ಹಿರಿಯರ ಮಾತು ಮಾತ್ರ ಕೇಳಿ ಬಂದರೆ ಅದೇ ಹಳೇ ಜಗಳಕ್ಕೆ ನೀವೂ ಒಂದು ಕೊಳ್ಳಿ ಹಾಕಿದ ಹಾಗೆ.

ಐದನೇ ಹೆಜ್ಜೆ: ಮಳೆಯ ಕ್ಯಾಲೆಂಡರ್ ಗೋಡೆಗೆ ಹಾಕಿ

ಮನ್ರೋವಿಯಾದಲ್ಲಿ ವರ್ಷಕ್ಕೆ 4,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆಗುಂಬೆಯಷ್ಟಲ್ಲ, ಆದರೆ ಒಂದು ದೇಶದ ರಾಜಧಾನಿಗೆ ಇದು ಭಯಂಕರವೇ. ಮೇಯಿಂದ ಅಕ್ಟೋಬರ್‌ವರೆಗೆ ಒಳನಾಡಿನ ಕೆಂಪು ಮಣ್ಣಿನ ರಸ್ತೆ ಕೆಸರಿನ ಹೊಂಡ. ದಿಮ್ಮಿ ಜೋಡಿಸಿ ಮಾಡಿದ ಸೇತುವೆಗಳು ತೇಲಿ ಹೋಗುತ್ತವೆ. ಮೊದಲ ವರ್ಷ ನಾನು ಜುಲೈನಲ್ಲಿ ಸೈನೋ ಕೌಂಟಿಗೆ ಹೊರಟು, ದಾರಿಯಲ್ಲಿ ಹೂತ ಲಾರಿಯ ಹಿಂದೆ ಎರಡು ರಾತ್ರಿ ಗಾಡಿಯಲ್ಲೇ ಮಲಗಿದೆ. ಜುಲೈನಲ್ಲಿ ಯಾಕೆ ಹೊರಟೆ? ಡೋನರ್‌ನ ಲೆಕ್ಕದ ವರ್ಷ ಮುಗಿಯುತ್ತಿತ್ತು, ತರಬೇತಿಗೆಂದು ಇಟ್ಟ ದುಡ್ಡು ಖರ್ಚಾಗಬೇಕಿತ್ತು. ಆ ಡೋನರ್ ಕಚೇರಿಯಿಂದ ವಾರಕ್ಕೆ ಮೂರು ಇಮೇಲ್. ಅಲ್ಲಿ ಕೂತವರಿಗೆ ಮಳೆ ಎಂದರೆ ಛತ್ರಿ ಬಿಚ್ಚುವ ವಿಷಯ.

ಮಳೆಯಷ್ಟೇ ಮುಖ್ಯ ಬೇಸಾಯದ ಲೆಕ್ಕ. ಅಲ್ಲಿ ಮಲೆನೆಲ್ಲು ಬೆಳೆಯುವುದು ನಮ್ಮ ಹಳೆಯ ಕುಮರಿ ಬೇಸಾಯದ ರೀತಿಯಲ್ಲಿ. ವರ್ಷದ ಮೊದಲಲ್ಲಿ ಕಾಡು ಸವರುತ್ತಾರೆ, ಬೇಸಿಗೆಯ ಕೊನೆಗೆ ಸುಡುತ್ತಾರೆ, ಮಳೆ ಹಿಡಿದ ಮೇಲೆ ಬಿತ್ತುತ್ತಾರೆ. ತೆನೆ ಕಟ್ಟುವಾಗ ಮಕ್ಕಳೆಲ್ಲ ಹಕ್ಕಿ ಓಡಿಸುತ್ತಾ ಗದ್ದೆಯಲ್ಲೇ ಇರುತ್ತಾರೆ. ಬಿತ್ತನೆ ವಾರದಲ್ಲಿ ಸಭೆ ಕರೆದರೆ ಕೆಲಸವಿಲ್ಲದವರು ಮಾತ್ರ ಬರುತ್ತಾರೆ. ಸುಡುವ ತಿಂಗಳಲ್ಲಿ ಹೋಗಿ ಬೆಂಕಿ ಬೇಡ ಎಂದರೆ ಬೈಸಿಕೊಂಡು ಬರುತ್ತೀರಿ. ಅನ್ನ ಉಣ್ಣದ ದಿನ ಊಟವೇ ಮಾಡಿಲ್ಲ ಎನ್ನುವ ಜನ ಅವರು. 1979ರಲ್ಲಿ ಅಕ್ಕಿಯ ಬೆಲೆಗಾಗಿ ಮನ್ರೋವಿಯಾದಲ್ಲಿ ದಂಗೆಯೇ ಆಗಿತ್ತು.

ಊರಿನ ಕೆಲಸವೆಲ್ಲ ನವೆಂಬರ್‌ನಿಂದ ಏಪ್ರಿಲ್ ಒಳಗೆ ಹಾಕಿಕೊಳ್ಳಿ. ಮಳೆಗಾಲ ಲೆಕ್ಕಪತ್ರಕ್ಕೆ, ರಾಜಧಾನಿಯ ಸಭೆಗಳಿಗೆ, ತರಬೇತಿಗೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಇದನ್ನು ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಸಿಗುವುದಿಲ್ಲ. ಡೀಸೆಲ್, ಟೈರ್, ಬಿಡಿಭಾಗಕ್ಕೆ ನೀವು ಅಂದುಕೊಂಡ ದುಡ್ಡು ಸಾಲದು ಎಂದೂ ತಿಳಿದುಕೊಳ್ಳಿ.

ಆರನೇ ಹೆಜ್ಜೆ: ಕಾಡಿನಲ್ಲಿ ಕೂತವರನ್ನು ಎಬ್ಬಿಸುವ ಮುಂಚೆ

ಯುದ್ಧ ಮುಗಿದ ಮೇಲೆ ನಡೆದ ನಿಶ್ಶಸ್ತ್ರೀಕರಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಒಪ್ಪಿಸಿದ ಬಂದೂಕು 30,000ಕ್ಕಿಂತ ಕಡಿಮೆ. ಒಬ್ಬೊಬ್ಬರಿಗೆ 300 ಡಾಲರ್, ಎರಡು ಕಂತಿನಲ್ಲಿ. ಅದು ಮುಗಿದ ಮೇಲೆ? ಕೆಲವರು ರಬ್ಬರ್ ತೋಟ ಹಿಡಿದರು. ಗತ್ರಿ ಎಂಬ ದೊಡ್ಡ ತೋಟ 2006ರ ಆಗಸ್ಟ್‌ವರೆಗೆ ಹಳೆಯ ಹೋರಾಟಗಾರರ ಕೈಯಲ್ಲೇ ಇತ್ತು. ಹಾಲು ಇಳಿಸಿ ಮಾರಿಕೊಂಡು ಬದುಕಿದರು. ಇನ್ನು ಕೆಲವರು ಸಾಪೋ ರಾಷ್ಟ್ರೀಯ ಉದ್ಯಾನಕ್ಕೆ ನುಗ್ಗಿ ಚಿನ್ನ ಅಗೆದರು.

ಸಾಪೋ 1983ರಲ್ಲಿ ಆದದ್ದು, 2003ರಲ್ಲಿ ಸುಮಾರು 1,800 ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಕುಳ್ಳ ನೀರಾನೆ ಇರುವ ಕಾಡು. 2005ರಲ್ಲಿ ಸರ್ಕಾರವೂ ವಿಶ್ವಸಂಸ್ಥೆಯ ಪಡೆಯೂ ಸೇರಿ ಅಲ್ಲಿದ್ದವರನ್ನು ಹೊರಗೆ ಕಳಿಸಿದವು. ದೊಡ್ಡ ರಕ್ತಪಾತವಿಲ್ಲದೆ ಆಯಿತು, ಎಲ್ಲರೂ ಬೆನ್ನು ತಟ್ಟಿಕೊಂಡರು. ಕೆಲವೇ ವರ್ಷದಲ್ಲಿ ಅಗೆಯುವವರು ಮತ್ತೆ ಅಲ್ಲೇ ಇದ್ದರು. ಬರದೇ ಏನು ಮಾಡುತ್ತಾರೆ? ಹೊರಗೆ ಹೋದವನಿಗೆ ಗದ್ದೆ ಇಲ್ಲ, ಸಂಬಳ ಇಲ್ಲ, ಒಳಗೆ ಚಿನ್ನ ಇದೆ.

ಹಾಗಾಗಿ ಎಬ್ಬಿಸುವ ಮಾತು ಬಂದರೆ ಮೂರು ವಿಷಯ ಕೇಳಿ. ಅಗೆಯುವವರಿಗೆ ಊಟ, ಸಲಿಕೆ, ಪಂಪು ಸಾಲ ಕೊಡುವ ಸಾಹುಕಾರ ಯಾರು? ಚಿನ್ನ ಕೊಳ್ಳುವವರು ಯಾರು? ಸುತ್ತಲ ಊರಿನವರು ಅಕ್ಕಿ, ಸಾರಾಯಿ ಮಾರಿ ಎಷ್ಟು ದುಡಿಯುತ್ತಾರೆ? ಈ ಸರಪಳಿ ಹಾಗೇ ಇದ್ದರೆ ಜನ ಬದಲಾಗುತ್ತಾರೆ, ಗುಂಡಿ ಅಲ್ಲೇ ಇರುತ್ತದೆ. ರೇಂಜರ್ ಕೆಲಸಕ್ಕೆ ಸುತ್ತಲ ಊರಿನವರನ್ನೇ ಆರಿಸಿ. ಕಾಡಿನ ದಾರಿ ಅವರಷ್ಟು ಬಲ್ಲವರು ಬೇರೆ ಯಾರಿದ್ದಾರೆ?

ಇಲ್ಲೇ ಇನ್ನೊಂದು ಮಾತು. ಯೋಜನೆ ಬರೆಯುವವರಿಗೆ ರಫ್ತಾಗುವ ನಾಟಾ ಮೇಲೆಯೇ ಕಣ್ಣು. ಮನ್ರೋವಿಯಾದ ಮನೆಗಳ ಹಲಗೆ ಬರುವುದು ಚೈನ್‌ಸಾ ಹಿಡಿದು ಕಾಡಿನಲ್ಲೇ ಸೀಳುವ ಸಣ್ಣ ಗುಂಪುಗಳಿಂದ. ಅಡುಗೆ ಆಗುವುದು ಇದ್ದಿಲಿನಲ್ಲಿ. ಈ ಎರಡು ಕಸುಬಿನವರು ಯಾವ ಸಭೆಯಲ್ಲೂ ಕಾಣುವುದಿಲ್ಲ. ಹುಡುಕಿಕೊಂಡು ಹೋಗಿ ಮಾತಾಡಿಸಿ.

ಏಳನೇ ಹೆಜ್ಜೆ: ದುಡ್ಡು

ಪೇಟೆಯಲ್ಲಿ ಲೈಬೀರಿಯಾ ಡಾಲರ್, ಅಮೆರಿಕ ಡಾಲರ್ ಎರಡೂ ನಡೆಯುತ್ತವೆ. ವೋಚರಿನಲ್ಲಿ ಯಾವ ಡಾಲರ್, ಆ ದಿನದ ದರ ಎಷ್ಟು ಎಂದು ಬರೆಸಿಕೊಳ್ಳದಿದ್ದರೆ ಆಡಿಟ್ ದಿನ ಅಳಬೇಕಾಗುತ್ತದೆ. ಬ್ಯಾಂಕ್ ಇಲ್ಲದ ಊರಿಗೆ ಚೀಲದಲ್ಲಿ ನಗದು ಒಯ್ಯುವುದಕ್ಕಿಂತ ಮೊಬೈಲ್ ಮನಿ ಸಾವಿರ ಪಾಲು ಮೇಲು. ಸಹಿ ಹಾಕಲು ಬಾರದವರ ಹೆಬ್ಬೆಟ್ಟಿಗೆ ಇಬ್ಬರು ಸಾಕ್ಷಿ ಇರಲಿ.

ಚೆಕ್‌ಪೋಸ್ಟಿನಲ್ಲಿ "ಮೈ ಕೋಲ್ಡ್ ವಾಟರ್?" ಎಂದು ಕೇಳುತ್ತಾರೆ. ಬಾಯಾರಿಕೆ ಅಲ್ಲ, ನಮ್ಮ ಕಾಫಿ ಖರ್ಚಿನ ತಮ್ಮ! ನಗುತ್ತಾ ಒಂದು ನೀರಿನ ಪೊಟ್ಟಣವನ್ನೇ ಕೊಟ್ಟು ಮುಂದೆ ಹೋಗಿ. ಒಮ್ಮೆ ದುಡ್ಡು ಕೊಟ್ಟ ಗಾಡಿಯ ನಂಬರ್ ಎಲ್ಲ ಪೋಸ್ಟಿಗೂ ಬಾಯಿಪಾಠ ಆಗುತ್ತದೆ. ಭತ್ಯೆಯದು ಇದಕ್ಕಿಂತ ಕಷ್ಟದ ಸಂಗತಿ. ಒಂದು ಸಂಸ್ಥೆ ಸಭೆಗೆ ಬಂದವರಿಗೆ ಹತ್ತು ಡಾಲರ್ ಕೊಟ್ಟರೆ ಐದು ಕೊಡುವವರ ಸಭೆಗೆ ಯಾರೂ ಬರುವುದಿಲ್ಲ. ಕೌಂಟಿಯಲ್ಲಿ ಕೆಲಸ ಮಾಡುವ ಎಲ್ಲ ಸಂಸ್ಥೆಗಳೂ ಕೂತು ಒಂದೇ ದರ ಮಾಡಿಕೊಳ್ಳಿ.

ಇನ್ನು ಕಾಡಿನ ಆದಾಯ. ನಾಟಾ ಗುತ್ತಿಗೆಯ ನೆಲಬಾಡಿಗೆಯಲ್ಲಿ 30% ಸುತ್ತಲ ಸಮುದಾಯಕ್ಕೆ, 30% ಕೌಂಟಿಗಳಿಗೆ, 40% ಸರ್ಕಾರಕ್ಕೆ ಎಂದು ನಿಯಮ. ಕಂಪನಿ ಕಟ್ಟಿದ ದುಡ್ಡು ಮೊದಲು ರಾಜಧಾನಿಯ ಖಜಾನೆಗೆ ಹೋಗುತ್ತದೆ. ಅಲ್ಲಿಂದ ಊರಿಗೆ ವಾಪಸ್ ಬರುವುದೇ ಕಷ್ಟ. ವರ್ಷಗಟ್ಟಲೆ ಬಾಕಿ ಉಳಿದದ್ದುಂಟು. ನೀವೂ ಹೊಸದಾಗಿ ಪಾಲಿನ ಮಾತು ಆಡುವುದಾದರೆ, ಇಂಗಾಲದ ದುಡ್ಡಿನದಿರಲಿ, ಪ್ರವಾಸೋದ್ಯಮದ್ದಿರಲಿ, ಎಷ್ಟು ಪಾಲು ಎಂಬುದಕ್ಕಿಂತ ಯಾವ ಖಾತೆಯಿಂದ, ಯಾವ ತಾರೀಖಿಗೆ ಎಂಬುದನ್ನು ಬರೆಸಿ. 2014ರಲ್ಲಿ ನಾರ್ವೆ ಕಾಡು ಉಳಿಸಲು 15 ಕೋಟಿ ಡಾಲರ್‌ವರೆಗೆ ಕೊಡುವ ಒಪ್ಪಂದ ಮಾಡಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಹಳ್ಳಿಯಲ್ಲಿ ಅದೇ ಸುದ್ದಿ "ನಮಗೆ 15 ಕೋಟಿ ಬಂದಿದೆ" ಎಂದು ಮುಟ್ಟುತ್ತದೆ. ಅದರಲ್ಲಿ ದೊಡ್ಡ ಪಾಲು ಕೆಲಸ ಮುಗಿದು ಫಲ ಕಂಡ ಮೇಲೆ ಬಿಡುಗಡೆಯಾಗುವ ದುಡ್ಡು ಎಂಬುದು ದಾರಿಯಲ್ಲಿ ಎಲ್ಲೋ ಕಳೆದುಹೋಗಿರುತ್ತದೆ. ಆ ವ್ಯತ್ಯಾಸ ಹೇಳಿ ಬರುವ ಕೆಲಸ ನಿಮ್ಮದೇ.

ಎಂಟನೇ ಹೆಜ್ಜೆ: ಅಳೆಯಿರಿ, ಆದರೆ ಊರಿನವರ ಕೈಯಲ್ಲಿ

ನಾಟಾ ನಿಷೇಧ ಹೋದ ಮೇಲೆ ಪ್ರತಿ ಮರದ ಬೊಡ್ಡೆಗೂ ದಿಮ್ಮಿಗೂ ಬಾರ್‌ಕೋಡ್ ಹಚ್ಚಿ, ಬಂದರಿನವರೆಗೆ ಲೆಕ್ಕ ಹಿಡಿಯುವ ಪದ್ಧತಿ ತಂದರು. ಒಳ್ಳೆಯದೇ. ಆದರೆ ಬಾರ್‌ಕೋಡ್ ಓದುವ ಯಂತ್ರ ಊರವರ ಬಳಿ ಇಲ್ಲ. ಒಂದು ನೋಟ್‌ಬುಕ್, ಒಂದು ಅಳತೆ ಟೇಪು, ಒಂದು ಸಾದಾ ಫೋನ್ ಕೊಟ್ಟು, ಎಷ್ಟು ಲಾರಿ ಹೋಯಿತು ಅಂತ ಬರೆಯಲು ಇಬ್ಬರಿಗೆ ಕಲಿಸಿ. ಉಪಗ್ರಹದ ಚಿತ್ರ ಹೇಳದ ಎಷ್ಟೋ ಸಂಗತಿ ಆ ನೋಟ್‌ಬುಕ್ಕಿನಲ್ಲಿ ಸಿಗುತ್ತದೆ.

ಒಂಬತ್ತನೇ ಹೆಜ್ಜೆ: ಹೊರಡುವ ದಿನ ಮೊದಲ ದಿನವೇ ಗೊತ್ತಿರಲಿ

2014ರಲ್ಲಿ ಎಬೋಲಾ ಬಂತು. ಲೈಬೀರಿಯಾದಲ್ಲೇ 4,800ಕ್ಕೂ ಹೆಚ್ಚು ಜನ ಸತ್ತರು. ಹೊರಗಿನವರಲ್ಲಿ ಬಹಳ ಮಂದಿ ಸಿಕ್ಕ ವಿಮಾನ ಹಿಡಿದು ಹೋದರು. ಊರಿನವರ ಕೈಗೆ ಮೊದಲೇ ಕೆಲಸ ಕೊಡದಿದ್ದರೆ ಇಂಥ ಹೊತ್ತಿನಲ್ಲಿ ಎಲ್ಲವೂ ನಿಂತುಹೋಗುತ್ತದೆ. ಬೀಗದ ಕೈ, ಬ್ಯಾಂಕಿನ ಸಹಿ, ಪಾಸ್‌ವರ್ಡ್ ಎಲ್ಲವೂ ನಿಮ್ಮೊಬ್ಬರ ಹತ್ತಿರ ಇದ್ದರೆ ಅದು ನಿಮ್ಮದೇ ತಪ್ಪು. ವಿಶ್ವಸಂಸ್ಥೆಯ ಶಾಂತಿಪಡೆ 2018ರ ಮಾರ್ಚ್‌ನಲ್ಲಿ ಹೊರಟಿತು. ಅದರ ಹೆಲಿಕಾಪ್ಟರ್, ರಸ್ತೆ ರಿಪೇರಿಯನ್ನೇ ನೆಚ್ಚಿಕೊಂಡಿದ್ದವರಿಗೆ ಒಳನಾಡು ಮತ್ತೆ ದೂರವಾಯಿತು. ಅಂದಹಾಗೆ ಆ ಪಡೆಯಲ್ಲಿ 2007ರಿಂದ 2016ರವರೆಗೆ ನಮ್ಮ ದೇಶದ ಮಹಿಳಾ ಪೊಲೀಸ್ ತುಕಡಿ ಇತ್ತು, ಬರೀ ಹೆಂಗಸರೇ ಇದ್ದ ಮೊದಲ ತುಕಡಿ ಅದು. ಭಾರತದವರು ಅಂದರೆ ಮನ್ರೋವಿಯಾದಲ್ಲಿ ಈಗಲೂ ಕೆಲವರು ಅವರನ್ನು ನೆನೆಯುತ್ತಾರೆ. ಅವರು ಗಳಿಸಿದ ಹೆಸರು ನಿಮಗೂ ಒಂದಿಷ್ಟು ಸಿಗುತ್ತದೆ, ಸುಮ್ನೆ ಕಳೆಯಬೇಡಿ.

ಗಾಡಿ, ಕಂಪ್ಯೂಟರ್ ಯಾರಿಗೆ ಬಿಡುತ್ತೀರಿ ಎಂದು ಮೊದಲ ವರ್ಷವೇ ಕಾಗದದಲ್ಲಿ ಬರೆದು ಎಲ್ಲರ ಮುಂದೆ ಓದಿ. ಕೊನೆಯ ತಿಂಗಳಲ್ಲಿ ಆ ಮಾತು ತೆಗೆದರೆ ಮೂರು ವರ್ಷದ ಸ್ನೇಹ ಒಂದು ಲ್ಯಾಂಡ್ ಕ್ರೂಸರ್‌ಗಾಗಿ ಮುರಿಯುತ್ತದೆ. ಕಂಡಿದ್ದೇನೆ. ಹಳ್ಳಿಯ ಸಭೆಗಳ ನಡಾವಳಿ, ಗಡಿಯ ಒಪ್ಪಂದಗಳ ಒಂದೊಂದು ಪ್ರತಿ ಊರಲ್ಲೇ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಟ್ರಂಕಿನಲ್ಲಿಟ್ಟು ಬನ್ನಿ. ರಾಜಧಾನಿಯ ಕಡತಗಳು ಒಮ್ಮೆ ಯುದ್ಧದಲ್ಲಿ ಹಾಳಾದವು ತಾನೇ.

ಕೊನೆಗೆ ನಿಮ್ಮ ಮೈ. ಹೋಗುವ ಕನಿಷ್ಠ ಹತ್ತು ದಿನ ಮುಂಚೆ ಹಳದಿ ಜ್ವರದ ಲಸಿಕೆ ಹಾಕಿಸಿ. ಬೆಂಗಳೂರಿನಲ್ಲೇ ಸಿಗುತ್ತದೆ, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಜೊತೆಗೆ ಕೊಡುವ ಹಳದಿ ಪುಸ್ತಕವನ್ನು ಲೈಬೀರಿಯಾದಲ್ಲಿ ಇಳಿದಾಗ ಕೇಳುತ್ತಾರೆ, ವಾಪಸ್ ಬಂದಾಗ ನಮ್ಮವರೂ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಅದು ಲಗೇಜಿನಲ್ಲಿ ಬೇಡ, ಕೈಚೀಲದಲ್ಲಿ ಪಾಸ್‌ಪೋರ್ಟ್ ಜೊತೆಗೇ ಇರಲಿ. ಊರಿಗೆ ಬಂದು ವಾರ, ತಿಂಗಳು ಕಳೆದ ಮೇಲೂ ಜ್ವರ ಬಂದರೆ, ಡಾಕ್ಟರ್ ಹತ್ತಿರ ಮೊದಲ ಮಾತೇ ಪಶ್ಚಿಮ ಆಫ್ರಿಕಾದಿಂದ ಬಂದೆ ಎಂದಿರಲಿ. ಮಲೇರಿಯಾ ಪರೀಕ್ಷೆ ಅವತ್ತೇ ಆಗಬೇಕು, ನಾಳೆ ನೋಡೋಣ ಅನ್ನುವ ಜ್ವರ ಅದಲ್ಲ.